ಸೋಮವಾರದ ಗೈರುಹಾಜರಿ

ಹುಬ್ಬಳ್ಳಿಯ ಒಂದು ಬಟ್ಟೆಯ ಗಿರಣಿಯಲ್ಲಿ ನಾನು ಆರು ವರ್ಷ ಹಾಜರಿ ಕಾರಕೂನನಾಗಿದ್ದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ವರ್ಷಗಳು ಅವು. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿದ ಮೇಲೆ ಎರಡು ವರ್ಷ ಮನೆಯಲ್ಲಿ ಕುಳಿತು ಬಂದವರ ಹೋದವರ ಮಾತು ಕೇಳಿಸಿಕೊಂಡಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ಗುಣದ ಮೇಲೆ ಈ ನೌಕರಿ ಸಿಕ್ಕಿತು. ಸಿಕ್ಕ ಆರು ತಿಂಗಳಿಗೆ ಮದುವೆಯೂ ಆಯಿತು. ಗಿರಣಿಯಿಂದ ಅರ್ಧ ಮೈಲಿ ದೂರದಲ್ಲಿ ಎರಡು ಕೋಣೆಯ ಮನೆ ಹಿಡಿದು ನಾನೂ ನನ್ನ ಹೆಂಡತಿಯೂ ಸಂಸಾರ ಹೂಡಿದೆವು.

ನನ್ನ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮೊದಲೇ ಬಾಗಿಲ ಬಳಿಯ ಕಟ್ಟೆಯ ಮೇಲೆ ಹಾಜರಿ ಪುಸ್ತಕ ಬಿಚ್ಚಿಕೊಂಡು ಕೂಡಬೇಕು. ಒಳಗೆ ಹೋಗುವವರ ಹೆಸರಿನ ಮುಂದೆ ಒಂದು ಗೆರೆ, ಬಾರದವರ ಮುಂದೆ ಒಂದು ಸೊನ್ನೆ. ಸೊನ್ನೆಯ ಪಕ್ಕದ ಕಿರಿದಾದ ಅಂಕಣದಲ್ಲಿ ಕಾರಣ ಬರೆಯಬೇಕು. ಅಲ್ಲಿ ಬರೆಯಲು ನನಗೆ ಕಲಿಸಿಕೊಟ್ಟದ್ದು ಎರಡೇ ಮಾತು. ಗಿರಣಿಯ ಡಾಕ್ಟರರ ಚೀಟಿ ತಂದವರಿಗೆ ‘ಜಡ್ಡು’, ತಾರದವರಿಗೆ ‘ಕಾರಣವಿಲ್ಲ’.

ಪುಸ್ತಕ ಹಿಡಿದು ಒಂದೆರಡು ವರ್ಷ ಕಳೆಯುವುದರೊಳಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಯಾರಿಗೆ ಎಂಥ ಜಡ್ಡು ಎಂಬುದು ಅವರು ಯಾವ ಖಾತೆಯಲ್ಲಿ ದುಡಿಯುತ್ತಾರೆ ಎಂಬುದರ ಮೇಲೆ ಹೋಗುತ್ತಿತ್ತು. ನೇಯುವ ಖಾತೆಯವರಿಗೆ ಕಿವಿ ಮಂದ. ಅವರ ಹೆಸರನ್ನು ನಾನು ಎರಡು ಸಲ ಕೂಗಬೇಕಾಗುತ್ತಿತ್ತು. ನೂಲು ತೆಗೆಯುವವರಿಗೆ ನಿಂತು ನಿಂತು ಕಾಲು ಬಾವು. ಬಾಯ್ಲರಿನ ಬಳಿ ಇರುವವರ ಮೈಮೇಲೆ ಸುಟ್ಟ ಗಾಯ ಮಾಯುವುದೂ ಹೊಸದು ಬರುವುದೂ ನಡೆದೇ ಇರುತ್ತಿತ್ತು. ಇವರೆಲ್ಲರಿಗಿಂತ ಸುಟ್ಟ ಗಾಯದವರಿಗೆ ಬೇಗ ರಜೆ ಸಿಗುತ್ತಿತ್ತು, ಏಕೆಂದರೆ ಗಾಯ ಕಣ್ಣಿಗೆ ಕಾಣುತ್ತಿತ್ತು. ಕಾಣದ ಜಡ್ಡಿನವರು ಅರಳೆ ಬಿಚ್ಚುವ ಖಾತೆಯವರು. ಹತ್ತಿಯ ಅಂಡಿಗೆಗಳನ್ನು ಒಡೆದು, ಒತ್ತಿ ಕಟ್ಟಿದ ಅರಳೆಯನ್ನು ಬಿಡಿಸಿ ಯಂತ್ರಕ್ಕೆ ಹಾಕುವುದು ಅವರ ಕೆಲಸ. ಆ ಕೋಣೆಯೊಳಗೆ ಹಗಲಲ್ಲೂ ಮಬ್ಬು. ಹತ್ತಿಯ ಧೂಳು ಗಾಳಿಯಲ್ಲಿ ನಿಂತುಬಿಟ್ಟಿರುತ್ತಿತ್ತು. ಸಂಜೆ ಹೊರಗೆ ಬರುವಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಯ ಕೂದಲು ಎಲ್ಲವೂ ಬೆಳ್ಳಗಾಗಿ, ಇಪ್ಪತ್ತೈದರ ಹುಡುಗರೂ ಮುದುಕರಂತೆ ಕಾಣುತ್ತಿದ್ದರು.

ಆ ಖಾತೆಯಲ್ಲಿ ಒಬ್ಬ ಪಿಂಜಾರರವನಿದ್ದ. ಹಳೇ ಹುಬ್ಬಳ್ಳಿಯವನು, ನಲವತ್ತೈದು ದಾಟಿದವನು. ಅವನ ಮನೆತನದ ಕಸುಬು ಹತ್ತಿ ಹಿಂಜುವುದು. ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿ ಗಾದಿ ತುಂಬಿಕೊಡುತ್ತಿದ್ದವರು. ಗಿರಣಿ ಬಂದ ಮೇಲೆ ಅವನು ಬಿಲ್ಲನ್ನು ಗೋಡೆಗೆ ತೂಗುಹಾಕಿ ಇಲ್ಲಿ ಸೇರಿಕೊಂಡಿದ್ದ. “ಹತ್ತಿ ಬಿಟ್ಟು ಬ್ಯಾರೆ ಏನೂ ತಿಳಿಯಂಗಿಲ್ರಿ ನಮಗ” ಎನ್ನುತ್ತಿದ್ದ. ಅರಳೆಯನ್ನು ಬೆರಳ ನಡುವೆ ಉಜ್ಜಿ ಅದು ನವಲಗುಂದದ ಕರಿಮಣ್ಣಿನದೋ ಬೇರೆ ಕಡೆಯದೋ ಹೇಳಬಲ್ಲವನಾಗಿದ್ದ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನು ನನ್ನನ್ನು ರಾಯರ ಎನ್ನುತ್ತಿದ್ದ.

ಅವನ ಪರಿಚಯ ಬೆಳೆದದ್ದು ನನ್ನ ಜಡ್ಡಿನಿಂದ. ನೌಕರಿಯ ಮೂರನೆಯ ವರ್ಷ ನನಗೆ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಹಾಸಿಗೆಯ ಮೇಲೆ ಮೈ ತಿಳಿಯದೆ ಮಲಗಿದ್ದೆ. ಧಾರವಾಡದಿಂದ ಅವ್ವ ಬಂದು ಕೂತಳು. ನನ್ನ ಹೆಂಡತಿ ಒಂದು ಚೀಟಿ ಬರೆದು ನೆರೆಮನೆಯವರ ಕೈಯಲ್ಲಿ ಗಿರಣಿಗೆ ಕಳಿಸಿದಳು. ಎರಡು ಸಾಲಿನ ಚೀಟಿ ಅದು. ಡಾಕ್ಟರರ ಸಹಿಯೂ ಇರಲಿಲ್ಲ. ಕಚೇರಿಯ ನೌಕರರಿಗೆ ಅಷ್ಟು ಸಾಕಾಗುತ್ತಿತ್ತು. ಒಂದೂವರೆ ತಿಂಗಳ ರಜೆ ಮಂಜೂರಾಯಿತು, ಪಗಾರವೂ ನಿಲ್ಲಲಿಲ್ಲ.

ಜ್ವರ ಬಿಟ್ಟು ಎದ್ದು ಕೂಡುವಂತಾದ ಮೇಲೆ ಒಂದು ರವಿವಾರ ಮುಂಜಾನೆ ಕಾಕಾ ನನ್ನನ್ನು ನೋಡಲು ಬಂದ. ಕೈಯಲ್ಲಿ ಎರಡು ಮೋಸಂಬಿ ಹಣ್ಣು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅವ್ವ ಇದ್ದಾಳೆಂದು ಹೊರಗಿನ ಕಟ್ಟೆಯ ಮೇಲೆಯೇ ಕೂತ. ನಾನು ಹೊದ್ದುಕೊಂಡು ಬಾಗಿಲಲ್ಲಿ ಕೂತೆ.

“ಭಾಳ ಸೊರಗೀರ್ರಿ ರಾಯರ” ಎಂದ. “ಇನ್ನೂ ಎಷ್ಟ ದಿನಾ ಸೂಟಿ ಕೊಟ್ಟಾರ್ರಿ?”

“ಇನ್ನ ಎರಡು ವಾರ ಅದ.”

“ಛಲೋ ಆತು. ಪೂರಾ ತಗೋರಿ. ಅರ್ಧಾಕ ಎದ್ದ ಬರಬ್ಯಾಡ್ರಿ.”

ಅವನ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಅದನ್ನು ನಾನು ಹುಡುಕಿದೆ, ಸಿಗಲಿಲ್ಲ. ಸುಮ್ಮನಿರಲಾರದೆ ನಾನೇ ಕೇಳಿದೆ, “ನಿಮ್ಮ ಕೆಮ್ಮು ಹ್ಯಾಂಗದ ಕಾಕಾ?”

“ಇವತ್ತ ಐತವಾರರಿ. ಇವತ್ತ ಆರಾಮ ಐತಿ” ಎಂದು ಎದೆಯ ಮೇಲೆ ಕೈಯಾಡಿಸಿಕೊಂಡ. “ನಾಳಿ ಬರ್ತೈತಿ.”

ಆ ಮಾತು ನನಗೆ ವಿಚಿತ್ರವೆನಿಸಿತು. ಕೆದಕಿ ಕೇಳಿದಾಗ ಬಿಡಿಸಿ ಹೇಳಿದ. ರವಿವಾರ ಗಿರಣಿಗೆ ಸೂಟಿ. ಆ ದಿನ ಎದೆ ಹಗುರಾಗುತ್ತದೆ. ಸೋಮವಾರ ಒಳಗೆ ಕಾಲಿಟ್ಟು ಮಧ್ಯಾಹ್ನವಾಗುವಷ್ಟರಲ್ಲಿ ಎದೆಯ ಸುತ್ತ ಹಗ್ಗ ಬಿಗಿದಂತಾಗುತ್ತದೆ. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮೈ ಬೆಚ್ಚಗಾಗುತ್ತದೆ. ಮಂಗಳವಾರ ಅಷ್ಟಕ್ಕಷ್ಟೆ. ಬುಧವಾರದ ಹೊತ್ತಿಗೆ ತಾನಾಗಿ ಸಡಿಲಾಗುತ್ತದೆ. ಮತ್ತೆ ಸೂಟಿ, ಮತ್ತೆ ಸೋಮವಾರ. “ನಮ್ಮ ಖಾತೇದಾಗ ಎಲ್ಲಾರಿಗೂ ಹಿಂಗರಿ. ಹಳಬರಿಗೆ ಜಾಸ್ತಿ. ಒಂದೊಂದ ಸೋಮಾರ ಏಳಾಕ ಆಗಂಗಿಲ್ಲ. ಏಳಾಕ ಆಗಲಿಲ್ಲಂದ್ರ ನಿಮ್ಮ ಪುಸ್ತಕದಾಗ ಸೊನ್ನಿ ಬೀಳ್ತೈತಿ.”

ಆ ಸೊನ್ನೆಗಳನ್ನು ಹಾಕಿದವನು ನಾನು. ಸೋಮವಾರ ಬೆಳಿಗ್ಗೆ ಆ ಖಾತೆಯ ಪುಟದಲ್ಲಿ ‘ಕಾರಣವಿಲ್ಲ’ ಎಂದು ಮೂರು ಸಲ, ನಾಲ್ಕು ಸಲ ಬರೆದು ಪುಟ ತಿರುವಿದ್ದು ನೆನಪಾಯಿತು.

“ಡಾಕ್ಟರರಿಗೆ ತೋರಿಸಿ ಚೀಟಿ ತರಬೇಕಲ್ಲ” ಎಂದೆ.

“ಅವರು ಬರೂದು ಬುಧವಾರ, ಶನಿವಾರರಿ. ಬುಧವಾರ ಅಂದ್ರ ಎದಿ ಬಿಟ್ಟಿರ್ತೈತಿ. ಎದಿಗೆ ನಳಗಿ ಹಚ್ಚಿ ಕೇಳಿ ನೋಡ್ತಾರ, ಏನೂ ಇಲ್ಲಂತಾರ. ಅವರದೂ ತಪ್ಪಿಲ್ಲ ಬಿಡ್ರಿ.”

ಕಚೇರಿಯಲ್ಲಿ ಈ ಸೋಮವಾರದ ಗೈರುಹಾಜರಿಗೆ ಬೇರೆಯೇ ಅರ್ಥವಿತ್ತು. ರವಿವಾರ ಕುಡಿದದ್ದು ಸೋಮವಾರ ಇಳಿದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಕಾಕಾ ಕುಡಿಯುವವನಲ್ಲ. ಐದು ಹೊತ್ತು ನಮಾಜು ಮಾಡುವವನು, ಎಲೆ ಅಡಿಕೆಯನ್ನೂ ಮುಟ್ಟದವನು. ಅವನು ಎದ್ದು ಹೋದ ಮೇಲೆ ನನಗೆ ಆ ನಗು ನೆನಪಾಗಿ ಬಹಳ ಹೊತ್ತು ಕಸಿವಿಸಿಯಾಯಿತು.

ರಜೆ ಮುಗಿಸಿ ಹೋದ ಮೇಲೆ ಮೊದಲು ಡಾಕ್ಟರರನ್ನು ಕಂಡೆ. ವಯಸ್ಸಾದವರು, ಸಂಭಾವಿತರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ನೀವು ಹೇಳೂದು ಸುಳ್ಳು ಅನ್ನಂಗಿಲ್ಲ. ಆದ್ರ ನಾ ಕಿವಿಗೆ ಕೇಳಿಸಿದ್ದನ್ನ ಬರೀತೀನಿ. ಕೇಳಿಸದ್ದನ್ನ ಹ್ಯಾಂಗ ಬರೀಲಿ?” ಎಂದರು.

“ಸೋಮವಾರ ಒಂದ ದಿನ ಬರಲಿಕ್ಕೆ ಆಗ್ತದೇನ್ರಿ?”

“ಸೋಮವಾರ ನನಗ ಬ್ಯಾರೆ ಕಡೆ ಹೋಗೂದು ಇರ್ತದ” ಎಂದು ಚೀಲ ಎತ್ತಿಕೊಂಡರು.

ಮುಂದೆ ನಾನು ಮಾಡಿದ್ದನ್ನು ಯಾರೂ ನನಗೆ ಮಾಡೆಂದು ಹೇಳಿರಲಿಲ್ಲ. ಹಿಂದಿನ ಮೂರು ತಿಂಗಳ ಹಾಜರಿ ಪುಸ್ತಕಗಳನ್ನು ಕೇಳಿ ಪಡೆದು ಮನೆಗೆ ತಂದೆ. ಎರಡು ರವಿವಾರ, ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿಕೊಂಡು, ಯಾವ ಖಾತೆಯವರು ವಾರದ ಯಾವ ದಿನ ಬಂದಿಲ್ಲ ಎಂಬುದನ್ನು ಬೇರೆ ಹಾಳೆಗಳಲ್ಲಿ ಬಿಡಿಸಿ ಬರೆದೆ. ಹೆಂಡತಿ ಆಗ ಬಸುರಿ. ಬಾಗಿಲಿಗೆ ಒರಗಿ ನಿಂತು, “ಸೂಟಿ ದಿನಾನೂ ಹಾಜರಿ ತಗೋತೀರೇನು?” ಎಂದು ನಕ್ಕಳು. ನನಗೆ ಉತ್ಸಾಹ ಏರಿತ್ತು. ಬೇರೆ ಖಾತೆಗಳವರ ಗೈರುಹಾಜರಿ ವಾರದ ಎಲ್ಲ ದಿನಗಳಲ್ಲೂ ಚದುರಿ ಬಿದ್ದಿತ್ತು. ಅರಳೆಯ ಖಾತೆಯವರದು ಮಾತ್ರ ಸೋಮವಾರದ ಕೆಳಗೇ ಗುಂಪುಗೂಡಿ ನಿಂತಿತ್ತು. ಯಾರ ಕಣ್ಣಿಗೂ ಬೀಳುವಂತಿತ್ತು. ಅವರಲ್ಲಿ ಹೆಚ್ಚು ಸಲ ತಪ್ಪಿಸಿದ ಒಂಬತ್ತು ಜನರ ಹೆಸರನ್ನು ಕೊನೆಯ ಹಾಳೆಯಲ್ಲಿ ಬೇರೆಯಾಗಿ ಬರೆದೆ. ಮೊದಲು ಇವರನ್ನು ಡಾಕ್ಟರರು ಸೋಮವಾರ ಪರೀಕ್ಷೆ ಮಾಡಲಿ ಎಂಬುದು ನನ್ನ ವಿಚಾರ. ಕಾಕಾನ ಹೆಸರು ಎರಡನೆಯದಾಗಿತ್ತು. ಹಾಳೆಗಳನ್ನು ದಾರದಿಂದ ಹೊಲಿದು, ಮೇಲೆ ಒಂದು ರಟ್ಟು ಇಟ್ಟು, ಮ್ಯಾನೇಜರರ ಮೇಜಿನ ಮೇಲೆ ಇಟ್ಟು ಬಂದೆ. ಯಾಕೆ ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಅವರು ಯಾರದೋ ಜೊತೆ ಮಾತಾಡುತ್ತಿದ್ದರು, ಕೈಸನ್ನೆಯಿಂದ ಆಮೇಲೆ ಎಂದರು. ನಾನು ಆಮೇಲೆ ಹೋಗಲಿಲ್ಲ. ಬರೆದದ್ದು ತಾನೇ ಮಾತಾಡುತ್ತದೆ ಎಂದುಕೊಂಡೆ.

ಮೂರನೆಯ ದಿನ ಮ್ಯಾನೇಜರರು ಕರೆಸಿದರು. ಹಾಳೆಗಳು ಅವರ ಮುಂದಿದ್ದವು. “ಕೂಡ್ರಿ” ಎಂದರು. ಅಲ್ಲಿಯವರೆಗೆ ಅವರ ಕೋಣೆಯಲ್ಲಿ ನಾನು ಕೂತಿರಲಿಲ್ಲ.

“ಭಾಳ ಛಲೋ ಕೆಲಸಾ ಮಾಡೀರಿ. ಇಷ್ಟ ದಿನಾ ನಾವೆಲ್ಲಾ ಬಾಯಿಲೆ ಅಂತಿದ್ದಿವಿ. ನೀವು ಕಾಗದದ ಮ್ಯಾಲ ತೋರಿಸೀರಿ. ಈ ಒಂಬತ್ತೂ ಮಂದೀನ ತಗದುಬಿಡೋಣ. ಬದಲಿ ಮಂದಿ ಬಾಗಲದಾಗ ನಿಂತಾರ.”

ಎದ್ದು ನಿಂತೆ. “ಸಾಹೇಬ್ರ, ನಾ ಅದಕ್ಕ ಬರದಿಲ್ರಿ. ಅವರಿಗೆ ಎದಿ ಜಡ್ಡು ಅದರಿ. ಸೋಮವಾರ ಹೆಚ್ಚಾಗ್ತದ. ಹತ್ತಿ ಧೂಳಿನಿಂದ ಆಗೂದದು. ಅದಕ್ಕ ಅದೊಂದ ಖಾತೇದಾಗ ಹಿಂಗ ಅದ.”

“ಡಾಕ್ಟರು ಹಂಗ ಬರದಾರೇನು?”

“ಇಲ್ರಿ.”

“ನೀವು ಬರದದ್ದು ಖರೇನೋ ಸುಳ್ಳೋ? ಇವರು ಸೋಮವಾರ ಬಂದಿಲ್ಲ ಅನ್ನೂದು?”

“ಖರೇರಿ.”

“ಮತ್ತ?” ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಾಗಿರಲಿಲ್ಲ. ನನ್ನ ಮೇಲೆ ಮಮತೆಯಿಂದಲೇ ಮಾತಾಡುತ್ತಿದ್ದರು. “ನೀವು ಇನ್ನೂ ಸಣ್ಣವರಿದ್ದೀರಿ. ನಿಮ್ಮ ಮನಸ್ಸು ಛಲೋ ಅದ. ಗಿರಣಿ ನಡೀಬೇಕಲ್ಲ.”

ಮರುದಿನ ಬಾಗಿಲ ಬಳಿಯ ಹಲಗೆಯ ಮೇಲೆ ಒಂಬತ್ತು ಹೆಸರಿನ ನನ್ನ ಆ ಕೊನೆಯ ಹಾಳೆಯನ್ನೇ ಹಚ್ಚಿದರು. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆಯಬೇಕಾದದ್ದು ನಾನೇ. ಎಳೆದೆ. ಆ ಹೊತ್ತಿನಲ್ಲಿ ಲೆಕ್ಕಣಿಕೆ ಕೆಳಗಿಟ್ಟು ಎದ್ದು ಬರಬಹುದಿತ್ತು ಎಂದು ಎಷ್ಟೋ ವರ್ಷ ಅನಿಸಿದೆ. ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಳು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ಅಂಜಿದ್ದೂ ನಿಜ. ಗೆರೆ ಎಂದಿನಂತೆ ನೇರವಾಗಿಯೇ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆ ಬೆಳಿಗ್ಗೆ ಕಾಕಾ ಬಂದು ಹಲಗೆಯ ಮುಂದೆ ನಿಂತ. ಓದು ಬರುತ್ತಿರಲಿಲ್ಲ. ಖಾತೆಯ ಆಳುಗಳ ಮೇಲಿನ ಮೇಸ್ತ್ರಿಯಾದ ಜಾಬರ್ ಓದಿ ಹೇಳಿದ. ಕಾಕಾ ನನ್ನ ಕಟ್ಟೆಯ ಕಡೆಗೆ ನೋಡಿದ. ನಾನು ತಲೆ ತಗ್ಗಿಸಿ ಪುಸ್ತಕ ನೋಡಿದೆ. ಮತ್ತೆ ತಲೆಯೆತ್ತುವಾಗ ಅವನು ಅಲ್ಲಿರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿಟ್ಟು ಬಂದಳು. ಆಮೇಲೆ, “ಹೋಗಿ ಹೇಳಿ ಬರ್ರಿ. ಬ್ಯಾರೆಯವರ ಬಾಯಿಂದ ಕೇಳೂದ್ರಾಗ ನೀವ ಹೇಳ್ರಿ” ಎಂದಳು.

ರವಿವಾರ ಹಳೇ ಹುಬ್ಬಳ್ಳಿಗೆ ಹೋದೆ. ಓಣಿಯ ತುದಿಯಲ್ಲಿ ಒಂದು ಪಡಸಾಲೆ, ಒಂದು ಒಳಕೋಣೆಯ ಮನೆ. ಕಾಕಾ ಪಡಸಾಲೆಯಲ್ಲಿ ಕೂತು, ಗೋಡೆಯಿಂದ ಇಳಿಸಿದ ಬಿಲ್ಲಿಗೆ ಹೊಸ ನರ ಕಟ್ಟುತ್ತಿದ್ದ. ಹತ್ತು ಹನ್ನೊಂದರ ಮಗಳು ಬಿಲ್ಲಿನ ಒಂದು ತುದಿ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಚಾಪೆ ಹಾಸಿದಳು. ನಾನು ಕೂತು ಎಲ್ಲವನ್ನೂ ಹೇಳಿದೆ. ನನ್ನ ಎರಡು ಸಾಲಿನ ಚೀಟಿಗೆ ರಜೆ ಸಿಕ್ಕದ್ದು, ಹಾಳೆ ಬರೆದದ್ದು, ಯಾಕೆ ಬರೆದೆ ಎಂಬುದು, ಮ್ಯಾನೇಜರರು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ.

ಕಾಕಾ ನರವನ್ನು ಬೆರಳಿನಿಂದ ಮೀಟಿ ನೋಡಿ, ಬಿಲ್ಲನ್ನು ಪಕ್ಕಕ್ಕಿಟ್ಟ.

“ನನಗ ಗೊತ್ತಿತ್ರಿ. ಅಕ್ಷರ ನಿಮ್ಮದು ಅಂತ ಜಾಬರ್ ಹೇಳಿದ್ದ.”

“ನಿಮಗ ಛಲೋ ಆಗಲಿ ಅಂತ ಬರದೆ ಕಾಕಾ.”

“ಅದೂ ಗೊತ್ತೈತ್ರಿ. ಕೆಟ್ಟದ್ದು ಮಾಡಬೇಕಂದಿದ್ರ ಇಷ್ಟ ದೂರ ನಡಕೊಂಡ ಬರ್ತಿದ್ದಿಲ್ಲ ನೀವು.” ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ, “ಹೆಸರು ಬರಿಯೂ ಮೊದಲ ನಮ್ಮನ್ನ ಒಂದ ಮಾತು ಕೇಳಬೇಕಿತ್ರಿ, ರಾಯರ. ನಾವು ಬ್ಯಾಡಂತಿದ್ವಿ. ನಮ್ಮ ಮಾತು ಯಾರ ಮುಂದ ಹೋದ್ರ ಹ್ಯಾಂಗ ತಿರಗತೈತಿ ಅನ್ನೂದು ನಮಗ ಗೊತ್ತು.”

ಅಷ್ಟು ಸಣ್ಣ ಸಂಗತಿ ನನ್ನ ತಲೆಗೆ ಬಂದೇ ಇರಲಿಲ್ಲ.

ಅವನ ಹೆಂಡತಿ ಒಳಕೋಣೆಯ ಪರದೆಯ ಹಿಂದಿದ್ದಳು. ಅಲ್ಲಿಂದಲೇ ಮಾತಾಡಿದಳು. ಜೋರಾಗಿ ಅಲ್ಲ. “ನಿಮಗ ಜ್ವರ ಬಂದಾಗ ಎರಡ ಸಾಲು ಬರದು ಕಳಿಸಿದ್ರಿ, ಅದು ಖರೇ ಆತು. ನಮ್ಮ ಮನಿಯವರ ಜಡ್ಡು ಮೂರು ತಿಂಗಳ ಪುಸ್ತಕದಾಗ ಬರದ್ರೂ ಸುಳ್ಳ ಆತು. ಹೌದಿಲ್ರಿ?”

“ಸುಮ್ಮಕಿರು” ಎಂದ ಕಾಕಾ. ನಾನು “ಹೌದ್ರಿ” ಎಂದೆ. ಎದ್ದು ಬರುವಾಗ ಆ ಹುಡುಗಿ ಓಣಿಯ ತಿರುವಿನ ತನಕ ನನ್ನ ಜೊತೆ ನಡೆದು ಬಂದಳು. ನಾಯಿ ಇದೆ, ಹೊಸಬರನ್ನು ಕಚ್ಚುತ್ತದೆ ಎಂದಳು.

ಒಂಬತ್ತು ಜನರಲ್ಲಿ ಮೂವರು ಹೊಸ ಹೆಸರು ಹೇಳಿ ಬದಲಿಯವರಾಗಿ ಅದೇ ಖಾತೆಗೆ ಮತ್ತೆ ಬಂದರು. ನಾನು ಗುರುತು ಹಿಡಿದೆ, ಹೇಳಲಿಲ್ಲ. ಇಬ್ಬರು ಸ್ಟೇಶನ್ನಿನಲ್ಲಿ ಮೂಟೆ ಹೊರಲು ಹೋದರು. ಉಳಿದವರು ಎಲ್ಲಿ ಹೋದರೋ ತಿಳಿಯಲಿಲ್ಲ. ಕಾಕಾ ಮಾತ್ರ ಹೆಸರು ಬದಲಿಸಲು ಒಪ್ಪಲಿಲ್ಲವಂತೆ. ಬಿಲ್ಲು ಹೊತ್ತು ಅಮರಗೋಳ, ರಾಯಾಪುರದ ಕಡೆ ಹಳ್ಳಿ ತಿರುಗತೊಡಗಿದ. ಮದುವೆಯ ದಿನಗಳಲ್ಲಿ ಗಾದಿಯ ಕೆಲಸ ಸಾಕಷ್ಟು ಸಿಗುತ್ತಿತ್ತು. ಆದರೆ ಹತ್ತಿ ಹಿಂಜುವುದೆಂದರೆ ಮತ್ತೆ ಅದೇ ಧೂಳು, ಮೂಗಿನ ಮುಂದೆಯೇ.

ಮುಂದಿನ ಬೇಸಿಗೆಯಲ್ಲಿ ನಾನು ಯಾವುದೋ ಕಾರ್ಯಕ್ಕೆ ಧಾರವಾಡಕ್ಕೆ ಹೋಗಿ ಮೋಟಾರು ಬಸ್ಸಿನಲ್ಲಿ ಮರಳುತ್ತಿದ್ದೆ. ರಾಯಾಪುರದ ಬಳಿ ನೀರು ಹಾಕಲು ಮೋಟಾರು ನಿಂತಿತು. ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಕಾಕಾ ಕೂತಿದ್ದ. ಬಿಲ್ಲು ಮರಕ್ಕೆ ಒರಗಿತ್ತು. ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಬಾಯಿ ತೆರೆದುಕೊಂಡು ಉಸಿರಿಗೆ ಕಾಯುತ್ತಿದ್ದ. ಅದು ಗುರುವಾರ. ನಾನು ಇಳಿದು ಹೋಗಿ ಪಕ್ಕದಲ್ಲಿ ಕೂತೆ. ಮೋಟಾರು ಹೋಯಿತು.

ಉಸಿರು ಸರಿಯಾದ ಮೇಲೆ, “ಈಗ ಸೋಮಾರ, ಮಂಗಳಾರ ಅಂತ ಏನೂ ಉಳದಿಲ್ರಿ. ಎಲ್ಲಾ ದಿನಾ ಒಂದ” ಎಂದ. ಅವನ ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು. ಹೋದ ವರ್ಷದ ಅಂಗಿ ಅವನ ಮೈಮೇಲೆ ಯಾರದೋ ಅಂಗಿಯಂತೆ ತೂಗುತ್ತಿತ್ತು.

ಧಾರವಾಡದಲ್ಲಿ ನನ್ನ ಸೋದರಮಾವನ ಮನೆಯ ಹತ್ತಿರ ಮುಂಬಯಿಯಲ್ಲಿ ಕಲಿತು ಬಂದ ಒಬ್ಬ ತರುಣ ಡಾಕ್ಟರರು ದವಾಖಾನೆ ತೆರೆದಿದ್ದರು. ಅವರಲ್ಲಿಗೆ ಹೋಗೋಣ ಎಂದೆ. ಕಾಕಾ ಬೇಡವೆಂದ. ಮತ್ತೆ ಮತ್ತೆ ಹೇಳಿದ ಮೇಲೆ ಒಂದು ದಿನ ಮುಂಜಾನೆಯ ರೈಲಿನಲ್ಲಿ ನನ್ನ ಜೊತೆ ಬಂದ. ಡಾಕ್ಟರರು ಎದೆ, ಬೆನ್ನು, ಬೆರಳು ಎಲ್ಲವನ್ನೂ ನೋಡಿದರು. ನೋಡಿದ್ದಕ್ಕಿಂತ ಹೆಚ್ಚು ಕೇಳಿದರು. ಎಷ್ಟು ವರ್ಷ, ಯಾವ ಖಾತೆ, ಯಾವ ದಿನ ಹೆಚ್ಚು, ಸೂಟಿಯಲ್ಲಿ ಹೇಗೆ. ಕಾಕಾ ಸೋಮವಾರದ ಮಾತು ಎತ್ತುತ್ತಲೇ ಅವರು ತಲೆದೂಗಿದರು.

“ಇದು ಹತ್ತಿ ಗಿರಣಿಯವರಿಗೆ ಬರೂ ಜಡ್ಡು. ಬ್ಯಾರೆ ದೇಶದಾಗೂ ಅದ. ಒಂದ ದಿನ ಬಿಟ್ಟು ಮತ್ತ ಧೂಳಿಗೆ ಹೋದ ಕೂಡ್ಲೆ ಎದಿ ಹಿಡೀತದ. ಕಡೀಕ ದಿನಾನೂ ಹಿಡೀತದ” ಎಂದರು. ಅದಕ್ಕೊಂದು ಉದ್ದನೆಯ ಹೆಸರನ್ನೂ ಹೇಳಿದರು. ನನ್ನ ನೆನಪಿನಲ್ಲಿ ಉಳಿಯಲಿಲ್ಲ.

ಕಾಕಾ ಬಿಚ್ಚಿದ್ದ ಅಂಗಿಯ ಗುಂಡಿ ಹಾಕಿಕೊಂಡ. “ಹಂಗಾರ ನಾ ಸುಳ್ಳ ಹೇಳಿಲ್ಲಲ್ರಿ?” ಎಂದ.

“ಇಲ್ಲ. ನೀವು ಹೇಳಿದ್ದು ಪುಸ್ತಕದಾಗ ಇದ್ದಂಗ ಅದ.”

“ಅಷ್ಟ ಒಂದ ಹಾಳಿ ಮ್ಯಾಲ ಬರದು ಕೊಡ್ರಿ.”

ಡಾಕ್ಟರರು ಬರೆದುಕೊಟ್ಟರು. ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡ. ಅವನು ಹೊರಗೆ ಹೋದ ಮೇಲೆ ಡಾಕ್ಟರರು ನನ್ನನ್ನು ನಿಲ್ಲಿಸಿ, ಈಗ ಮಾಡುವುದು ಏನೂ ಉಳಿದಿಲ್ಲ, ಐದಾರು ವರ್ಷ ಮೊದಲೇ ಆ ಖಾತೆಯಿಂದ ಬಿಡಿಸಿದ್ದರೆ ಬದುಕುತ್ತಿದ್ದ ಎಂದರು. ರೈಲಿನಲ್ಲಿ ಮರಳುವಾಗ ನಾನು ಅದನ್ನು ಹೇಳಲಿಲ್ಲ. ಕಾಕಾ ಅಂದು ಗೆಲುವಾಗಿದ್ದ. ಕಿಡಕಿಯ ಹೊರಗೆ ಹತ್ತಿಯ ಹೊಲಗಳನ್ನು ತೋರಿಸಿ ಯಾವುದಕ್ಕೆ ಗೊಬ್ಬರ ಕಡಿಮೆಯಾಗಿದೆ ಎಂದು ಹೇಳುತ್ತಿದ್ದ. ಅವನ ಹೆಂಡತಿ ಆ ಹಾಳೆಯನ್ನು ಓಣಿಯಲ್ಲಿ ಓದು ಬಲ್ಲ ಇಬ್ಬರು ಮೂವರ ಕೈಯಲ್ಲಿ ಓದಿಸಿ ಕೇಳಿದಳೆಂದು ಆಮೇಲೆ ತಿಳಿಯಿತು.

ಅದರ ನಕಲು ಮಾಡಿ ಮ್ಯಾನೇಜರರಿಗೆ ನಾನೂ ತೋರಿಸಿದೆ. ಈ ಸಲ ನಿಂತುಕೊಂಡು, ಪೂರ್ತಿ ಬಾಯಿಬಿಟ್ಟು ಹೇಳಿದೆ. ಅವರು ಓದಿದರು. “ಪಾಪ” ಎಂದರು. “ಆದ್ರ ಈಗ ಅವ ನಮ್ಮ ಕಡೆ ಇಲ್ಲಲ್ಲ” ಎಂದರು. ಆ ಖಾತೆಯ ಉಳಿದವರ ಮಾತೆತ್ತಿದೆ. ನೋಡೋಣ ಎಂದರು. ಅದು ನಾನಿರುವ ತನಕ ನೋಡೋಣವಾಗಿಯೇ ಉಳಿಯಿತು. ನಾನು ಮಾಡಿದ್ದು ಇಷ್ಟೇ: ಅಂದಿನಿಂದ ಅರಳೆಯ ಖಾತೆಯವರು ಸೋಮವಾರ ಬಾರದಿದ್ದರೆ ಚೀಟಿ ಇರಲಿ ಇಲ್ಲದಿರಲಿ ‘ಜಡ್ಡು’ ಎಂದು ಬರೆದೆ. ಅದರಿಂದ ಯಾರ ಎದೆಯೂ ಹಗುರಾಗಲಿಲ್ಲ. ಯಾರನ್ನೂ ತೆಗೆದುಹಾಕಲಿಲ್ಲ ಎಂಬುದಷ್ಟೇ ಸಮಾಧಾನ. ಮುಂದೆ ಎರಡು ವರ್ಷಕ್ಕೆ ಧಾರವಾಡದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ಗಿರಣಿ ಬಿಟ್ಟೆ.

ಕಾಕಾ ತೀರಿಕೊಂಡದ್ದು ಅದಕ್ಕೂ ಮೊದಲು, ಧಾರವಾಡದ ಡಾಕ್ಟರರನ್ನು ಕಂಡ ವರ್ಷದ ಮಳೆಗಾಲದಲ್ಲಿ. ಕೊನೆಯ ಎರಡು ತಿಂಗಳು ಅವನಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮಾತಾಡಲು ಉಸಿರು ಸಾಲದೆ ಅವನು ಕೈಯಿಂದಲೇ ಕೂಡ್ರಿ ಎನ್ನುತ್ತಿದ್ದ. ನನ್ನ ಮಗಳು ಹುಟ್ಟಿ ಆಗ ವರ್ಷವಾಗುತ್ತ ಬಂದಿತ್ತು. ಒಂದು ಸಲ ಅವಳನ್ನು ಎತ್ತಿಕೊಂಡು ಹೋಗಿದ್ದೆ. ಅವನು ಅವಳ ಅಂಗೈಯಲ್ಲಿ ಒಂದು ಎಸಳು ಅರಳೆ ಇಟ್ಟ. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋದಾಗ ಗಾಬರಿಯಾಗಿ ಕಸಿದುಕೊಂಡ. ಆಮೇಲೆ ನಕ್ಕ, ನಗು ಕೆಮ್ಮಾಯಿತು.

ಮಣ್ಣಿಗೆ ನಾನು ಹೋಗಿದ್ದೆ. ಎಲ್ಲರ ಹಿಂದೆ ಕೊಡೆ ಹಿಡಿದು ನಿಂತಿದ್ದೆ. ನನ್ನ ಸರದಿ ಬಂದಾಗ ನಾನೂ ಮೂರು ಹಿಡಿ ಮಣ್ಣು ಹಾಕಬಹುದೇ ಎಂದು ಕೇಳಿದೆ. ಹಾಕಿ ಎಂದರು. ಮಣ್ಣು ಹಸಿಯಾಗಿತ್ತು, ಕೈಗೆ ಅಂಟಿಕೊಂಡು ಬೀಳಲೊಲ್ಲದಾಯಿತು.

ನಲವತ್ತು ದಿನ ಕಳೆದ ಮೇಲೆ ಅವನ ಹೆಂಡತಿ ಮನೆ ಖಾಲಿ ಮಾಡಿ ಮಗಳನ್ನು ಕರೆದುಕೊಂಡು ನವಲಗುಂದದಲ್ಲಿದ್ದ ಅಣ್ಣನ ಮನೆಗೆ ಹೊರಟಳು. ಸುದ್ದಿ ತಿಳಿದು ನಾನು ಬೆಳಿಗ್ಗೆ ಮೋಟಾರು ನಿಲ್ಲುವಲ್ಲಿಗೆ ಹೋದೆ. ಎರಡು ಗಂಟು, ಒಂದು ತಗಡಿನ ಪೆಟ್ಟಿಗೆ. ಗಂಟುಗಳನ್ನು ನಾನು ಮೇಲೆ ಹತ್ತಿಸಿಕೊಟ್ಟೆ. ಆಕೆ ಮೊದಲ ಸಲ ನನ್ನೆದುರು ಪರದೆಯಿಲ್ಲದೆ ನಿಂತಿದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕ ವಯಸ್ಸಿನವಳು.

ಮೋಟಾರು ಹೊರಡುವ ಸಮಯ ಆಗುತ್ತ ಬಂದಿತ್ತು. ಆಕೆ ಮಗಳನ್ನು ಒಳಗೆ ಕೂಡಿಸಿ ತಿರುಗಿ ನೋಡಿ, “ನೀವು ಹೋಗ್ರಿ ಇನ್ನ. ಗಿರಣಿಗೆ ತಡಾ ಆಕ್ಕೈತಿ ನಿಮಗ” ಎಂದಳು.

ಆದರೂ ಮೋಟಾರು ಹೋಗುವ ತನಕ ನಿಂತೆ. ಹುಡುಗಿ ಕಿಡಕಿಯಿಂದ ನೋಡುತ್ತಿದ್ದಳು, ಕೈ ಬೀಸಲಿಲ್ಲ. ಗಿರಣಿ ಮುಟ್ಟುವಾಗ ಅರ್ಧ ತಾಸು ತಡವಾಗಿತ್ತು. ನನ್ನ ಬದಲು ಬೇರೊಬ್ಬ ಕಾರಕೂನ ಹಾಜರಿ ತೆಗೆದುಕೊಂಡಿದ್ದ. ಪುಸ್ತಕ ನನ್ನ ಕಡೆಗೆ ಸರಿಸಿ ತನ್ನ ಕೆಲಸಕ್ಕೆ ಎದ್ದು ಹೋದ. ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ.